ಕೂರಬಾರದ ಕುರ್ಚಿ

ಬೇಡ ಬೇಡ ಬೇಡ... ಅಲ್ಲಿ ಕೂರಬೇಡ ಅಕ್ಕ! ಒಂದು ನಿಮಿಷ, ಒಂದೇ ನಿಮಿಷ ನಿಂತಿರು. ವಾಕರ್ ಗಟ್ಟಿಯಾಗಿ ಹಿಡ್ಕೋ. ಅಡುಗೆಮನೆಯಿಂದ ಸ್ಟೂಲ್ ತರ್ತೀನಿ... ಹಾಂ, ತಂದೆ. ಇದರ ಮೇಲೆ ಕೂತ್ಕೋ. ನಿಧಾನ, ನಿಧಾನ. ಆಪರೇಷನ್ ಆಗಿರೋ ಕಾಲು ಮುಂದಕ್ಕೆ ಚಾಚು, ಹಾಗೇ... ಅಬ್ಬಾ! ಕೂತೆಯಲ್ಲ, ಸಾಕು.

ಯಾಕೆ ಹಾಗೆ ನೋಡ್ತೀಯ? ಅದೂ ಕುರ್ಚಿನೇ. ಅಲ್ಲ ಅಂತ ನಾನೆಲ್ಲಿ ಹೇಳ್ದೆ? ಆದ್ರೆ ಅದು ಕೂರೋ ಕುರ್ಚಿ ಅಲ್ಲಕ್ಕ, ನೋಡೋ ಕುರ್ಚಿ. ಬಿಳಿ ಬಟ್ಟೆ ಅಲ್ವಾ? ಕೂತ್ರೆ ಕೊಳೆಯಾಗುತ್ತೆ. ನಾನೂ ಕೂರಲ್ಲ. ಇವತ್ತಿನವರೆಗೂ ಒಂದು ಸಲಾನೂ ಕೂತಿಲ್ಲ, ಬೇಕಾದ್ರೆ ಎದುರುಮನೆ ಲಾಯರಮ್ಮನ್ನ ಕೇಳು.

ಆ ಆಂಬ್ಯುಲೆನ್ಸಿನ ಇಬ್ಬರು ಹೋದ್ರಾ? ಪಾಪ, ಮೆಟ್ಟಿಲ ಮೇಲೆ ಸ್ಟ್ರೆಚರ್ ತಿರುಗಲ್ಲ ಅಂತ ನಿನ್ನ ಗಾಲಿಕುರ್ಚಿ ಸಮೇತ ಎತ್ಕೊಂಡು ಬಂದ್ರು. ಮೂರು ಮಹಡಿ, ಐವತ್ನಾಲ್ಕು ಮೆಟ್ಟಿಲು! ಎರಡನೇ ಮಹಡೀಲಿ ಆ ದಪ್ಪನೆಯೋನು "ಅಮ್ಮಾ, ಇನ್ಮೇಲೆ ಇಳಿಯೋ ಯೋಚನೆ ಮಾತ್ರ ಮಾಡ್ಬೇಡಿ" ಅಂದ. ತಮಾಷೆಗೆ ಅಂದಿದ್ದು ಅದು. ನೀನು ನಗಲಿಲ್ಲ.

ಅಲ್ಲ, ಆಸ್ಪತ್ರೆಯೋರು ಶನಿವಾರ ಬಿಡ್ತೀವಿ ಅಂದಿದ್ರಲ್ಲ? ಇವತ್ತು ಗುರುವಾರ! ಬೆಳಿಗ್ಗೆ ಫೋನ್ ಮಾಡಿ "ಬೆಡ್ ಬೇಕು, ನಿಮ್ಮ ಅಕ್ಕನ್ನ ಕಳಿಸ್ತಿದ್ದೀವಿ" ಅಂತಾರೆ. ಪಾರ್ಸೆಲ್ ಕಳಿಸಿದ ಹಾಗೆ! ಅಯ್ಯೋ, ಸಂತೋಷ ಇಲ್ಲ ಅಂತ ಅಲ್ಲಕ್ಕ. ಹನ್ನೊಂದು ವಾರ ಆದ್ಮೇಲೆ ನೀನು ಮನೆಗೆ ಬಂದಿದ್ದೀಯ, ಸಂತೋಷ ಆಗದೆ ಇರುತ್ತಾ? ಇನ್ನೆರಡು ದಿನ ಸಿಕ್ಕಿದ್ದಿದ್ರೆ ಎಲ್ಲ ಮುಗಿದಿರ್ತಿತ್ತು, ಅಷ್ಟೇ. ಏನು ಮುಗಿದಿರ್ತಿತ್ತು ಅಂದ್ರೆ... ಇದೇ. ಈ ಅಲಂಕಾರ.

ಹ್ಞೂಂ, ಹೇಗಿದೆ ಹೇಳು!

ಸ್ಕ್ಯಾಂಡಿನೇವಿಯನ್ ಸ್ಟೈಲ್ ಅಂತಾರೆ ಇದಕ್ಕೆ. ಚಳಿ ದೇಶದೋರು, ತಿಂಗಳುಗಟ್ಲೆ ಸೂರ್ಯನ ಮುಖ ನೋಡದೋರು, ಅವರ ಮನೆ ಹೀಗಿರುತ್ತಂತೆ. ಗೋಡೆ ಬಿಳಿ, ಪರದೆ ಬಿಳಿ, ಮರ ಅಂದ್ರೆ ತಿಳಿ ಬಣ್ಣದ ಮರ. ಕುರ್ಚಿ ಮೇಲೊಂದು ಉಣ್ಣೆ ಹೊದಿಕೆ, ಕಾಲಡಿಗೆ ಕುರಿ ತುಪ್ಪಳ, ಅಲ್ಲೊಂದು ಇಲ್ಲೊಂದು ಮೇಣದ ಬತ್ತಿ. ಬೆಚ್ಚಗೆ! ಆ ಬೆಚ್ಚಗಿರೋದಕ್ಕೆ ಅವರ ಭಾಷೇಲಿ ಒಂದು ಹೆಸರೇ ಇದೆ ಕಣಕ್ಕ. ನನ್ನ ನಾಲಿಗೆಗೆ ತಿರುಗಲ್ಲ, ಆಕಳಿಸೋವಾಗ ಬರೋ ಸದ್ದಿನ ಹಾಗಿದೆ.

ಬೆವರ್ತಿದ್ದೀಯಾ? ಹೌದು, ಸ್ವಲ್ಪ ಸೆಕೆ. ಫ್ಯಾನ್ ಬಿಚ್ಚಿಸಿಬಿಟ್ಟೆ. ಆ ಕಪ್ಪು ಫ್ಯಾನು ಈ ಬಿಳಿಗೆ ಹೊಂದಲಿಲ್ಲ. ತಗೋ, ಈ ಪತ್ರಿಕೆಯಿಂದ ಗಾಳಿ ಹಾಕ್ಕೋ. ನೀನು ಆಪರೇಷನ್ ಥಿಯೇಟರ್ ಒಳಗಿದ್ದಾಗ ಹೊರಗೆ ಕೂತು ನಾನು ಓದಿದ ಪತ್ರಿಕೆ ಇದೇ. ಹೌದು, ಆಸ್ಪತ್ರೆಯದೇ. ಎತ್ಕೊಂಡು ಬಂದೆ. ಮೂವತ್ತೊಂದು ವರ್ಷ ಲೈಬ್ರರಿ ಕೌಂಟರಲ್ಲಿ ಕೂತು ಪುಸ್ತಕ ಕದಿಯೋರನ್ನ ಹಿಡಿದೋಳು ಒಂದು ಪತ್ರಿಕೆ ಕದ್ರೆ ಭೂಮಿ ಬಾಯಿ ಬಿಡಲ್ಲ.

ಪುಸ್ತಕ ಅಂದ ಕೂಡಲೆ ನೆನಪಾಯ್ತು, ಕಪಾಟು ನೋಡಿದೆಯಾ? ಎಲ್ಲ ಪುಸ್ತಕ ತಿರುಗಿಸಿ ಇಟ್ಟಿದ್ದೀನಿ. ಬೆನ್ನು ಗೋಡೆ ಕಡೆಗೆ, ಹಾಳೆ ನಮ್ಮ ಕಡೆಗೆ. ಆಗ ಒಂದೇ ಬಣ್ಣ ಕಾಣುತ್ತೆ, ಕಣ್ಣಿಗೆ ತಂಪು. ಯಾವ ಪುಸ್ತಕ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಂತೀಯಾ? ಗೊತ್ತಾಗಲ್ಲ. ಓದೋಕೆ ಇಟ್ಟಿದ್ರೆ ತಾನೇ ಗೊತ್ತಾಗಬೇಕು! ನಿನ್ನೆ ಒಂದು ಹುಡುಕೋಕೆ ಹೋಗಿ ಹದಿನೆಂಟು ಎಳೆದೆ. ಅಷ್ಟರಲ್ಲಿ ಕನ್ನಡಕಾನೂ ಕಳ್ಕೊಂಡೆ. ಎಲ್ಲಿಟ್ಟೆನೋ ಏನೋ, ನಿನ್ನೆಯಿಂದ ಮನೆಯೆಲ್ಲ ತಡಕಾಡ್ತಿದ್ದೀನಿ.

ಬತ್ತಿ ಹಚ್ಚಲಾ? ಬೆಂಕಿ ಬೇಡ, ಗುಂಡಿ ಒತ್ತಿದ್ರೆ ಸಾಕು. ಒಳಗೆ ಬ್ಯಾಟರಿ ಇದೆ. ನೋಡು, ಉರಿ ಅಲ್ಲಾಡುತ್ತೆ ಕೂಡ! ಅಯ್ಯೋ, ಆ ನಿಂಬೆಹಣ್ಣು ಮೂಸಬೇಡ, ಪ್ಲಾಸ್ಟಿಕ್ಕು. ಬ್ರೆಡ್ಡೂ ಅಷ್ಟೇ... ಒರಗಬೇಡ, ಒರಗಬೇಡ! ಆ ಕಿಟಕಿ ಹತ್ರದ ದಿವಾನದ ಮೇಲೆ ಕೈ ಊರಬೇಡ. ದಿವಾನ ಅಲ್ಲ ಅದು. ರಟ್ಟಿನ ಪೆಟ್ಟಿಗೆ ಜೋಡಿಸಿ ಮೇಲೆ ಹಾಸುಬಟ್ಟೆ ಹೊದಿಸಿದ್ದೀನಿ. ಒಳಗೇನಿದೆಯಾ? ನಿಂದೇ. ಆ ಸ್ಕೂಲಿನ ಯೂನಿಫಾರ್ಮು, ಕತ್ತರಿಸಿ ಹೊಲೀದೆ ಬಿಟ್ಟಿದ್ದು. ನೀನು ಬಿದ್ದ ದಿನ ಕೈಯಲ್ಲಿದ್ದ ಗಂಟೂ ಅದರಲ್ಲೇ ಇದೆ.

ನಕ್ಕೆಯಾ? ನಗಲಿಲ್ಲವಾ... ಕೆಮ್ಮು.

ಏನಾದ್ರೂ ಹೇಳೇ ಅಕ್ಕ. ಸುಮ್ಮನಿರೋ ಜಾಯಮಾನ ಅಲ್ವಲ್ಲ ನಿಂದು! ಆಸ್ಪತ್ರೇಲಿ ದಿಂಬಿನ ಚೀಲದ ಹೊಲಿಗೆ ಬಿಟ್ಟಿದೆ ಅಂತ ನರ್ಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಬಯ್ದೋಳು ನೀನು. ಡಾಕ್ಟ್ರ ಕೋಟಿನ ಜೇಬು ಸೊಟ್ಟಗಿದೆ ಅಂತ ಅವರ ಮುಖದ ಮೇಲೇ ಹೇಳಿದೋಳು. ಇಲ್ಲಿ ಬಂದು ಹೀಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನಾನೇನಂತ ತಿಳ್ಕೋಬೇಕು?

ಮಷಿನ್ ಎಲ್ಲಿ ಅಂತ ನೋಡ್ತಿದ್ದೀಯ. ಗೊತ್ತು ನನಗೆ, ಬಂದಾಗಿಂದ ನಿನ್ನ ಕಣ್ಣು ಅದೇ ಮೂಲೆಗೆ ಹೋಗ್ತಿದೆ. ಮಷಿನ್ ಒಳಗಿನ ರೂಮಲ್ಲಿದೆ. ಕತ್ತರಿಸೋ ಮೇಜು, ಇಸ್ತ್ರಿ ಪೆಟ್ಟಿಗೆ, ಆ ತಲೆ ಇಲ್ಲದ ಬೊಂಬೆ, ಅಳತೆ ಪುಸ್ತಕ, ಎಲ್ಲ ಅಲ್ಲೇ ಇದೆ, ಒಂದು ಗುಂಡಿಯೂ ಕಳೆದಿಲ್ಲ. ಬಾಗಿಲು ಮಾತ್ರ ತೆಗಿಯೋಕೆ ಹೋಗ್ಬೇಡ, ತೆಗೆದ್ರೆ ಬೊಂಬೆ ಮೈಮೇಲೆ ಬೀಳುತ್ತೆ. ನಾನೇ ಮೊನ್ನೆ ಬೆಚ್ಚಿಬಿದ್ದೆ.

ಇದೆಲ್ಲ ನಿನಗೋಸ್ಕರ ಕಣಕ್ಕ! ಇಷ್ಟು ವರ್ಷ ದುಡಿದು ದುಡಿದು ಬಂದಿದ್ದೀಯ. ಮೂಳೆ ಮುರ್ಕೊಂಡು, ಕಬ್ಬಿಣ ಹಾಕಿಸ್ಕೊಂಡು ಬಂದಿದ್ದೀಯ. ಮನೆಗೆ ಬಂದ ತಕ್ಷಣ ಕಣ್ಣಿಗೆ ತಂಪಾಗಿರಲಿ, ಮನಸ್ಸಿಗೆ ಹಾಯಾಗಿರಲಿ, ಒಂದಷ್ಟು ದಿನ ವಿಶ್ರಾಂತಿ ತಗೊಳ್ಳಲಿ ಅಂತ... ಏ, ಏನ್ಮಾಡ್ತಿದ್ದೀಯ? ಆ ಕುರ್ಚಿ ಮೇಲಿನ ದಿಂಬು ಬಿಡು. ಬಿಡಕ್ಕ. ತಿರುಗಿಸಬೇಡ!

ಅಷ್ಟೇ. ಆಯ್ತು. ತಿರುಗಿಸಿಬಿಟ್ಟೆ.

ನಿನ್ನ ಕೈ ಸುಮ್ಮನಿರಲ್ಲ, ಅಲ್ವಾ? ಹುಟ್ಟಿದಾಗಿಂದ ನೋಡ್ತಿದ್ದೀನಿ, ಯಾವ ಬಟ್ಟೆ ಕೊಟ್ರೂ ಮೊದಲು ಒಳಮೈ ತಿರುಗಿಸಿ ನೋಡ್ತೀಯ. ಮದುವೆಗೆ ಕರೆಯೋಕೆ ಬಂದೋರ ಅಂಗಿ ಅಂಚನ್ನೂ ಬಿಡದೋಳು. ಹೌದು, ಪಿನ್ನು. ಗವಸು ಹಿಂದಗಡೆ ಹೊಲಿದಿಲ್ಲ, ಪಿನ್ನು ಹಾಕಿದ್ದೀನಿ. ಹೊರಗೆ ಥಳುಕು, ಒಳಗೆ ಹುಳುಕು! ಅಂದುಬಿಡು, ಅದು ನಿಂದೇ ಮಾತು, ನಾಲಿಗೆ ತುದೀಲಿ ಇರುತ್ತಲ್ಲ. ಪರದೆ ಅಂಚೂ ನೋಡಿದೆಯಾ? ನೋಡದೆ ಇರ್ತೀಯಾ ನೀನು... ಸ್ಟೇಪ್ಲರ್. ಲೈಬ್ರರೀದು. ಏನ್ಮಾಡ್ಲಿ, ಹೊಲಿಯೋಳು ಆಸ್ಪತ್ರೇಲಿದ್ಲು.

ದಿಂಬಿಗೆ ಸಿಕ್ಕಿಸಿರೋ ಆ ಚೀಟಿನಾ? ಅದು... ಅದು ಗ್ಯಾರಂಟಿ ಚೀಟಿ. ಹೊಸ ದಿಂಬಿಗೆ ಕೊಡ್ತಾರಲ್ಲ. ಕೊಡು ಇಲ್ಲಿ.

ಕೊಡೇ.

ಸರಿ, ಓದ್ಕೋ. ದೊಡ್ಡ ಅಕ್ಷರದಲ್ಲೇ ಬರೆದಿದೆ, ನಾನು ಮುಚ್ಚಿಟ್ಟು ಏನು ಪ್ರಯೋಜನ? ಬಾಡಿಗೆ ಸಾಮಾನು. ವಾಪಸ್ ಕೊಡಬೇಕಾದ ದಿನ ಶುಕ್ರವಾರ. ನಾಳೇನೇ. ಈ ಕುರ್ಚಿ, ಹೊದಿಕೆ, ತುಪ್ಪಳ, ಬತ್ತಿ, ನಿಂಬೆಹಣ್ಣು, ಎಲ್ಲ ಬಾಡಿಗೇದು. ಫೋಟೋ ತೆಗೆಯೋರಿಗೆ, ನಾಟಕ ಮಾಡೋರಿಗೆ ಸಾಮಾನು ಕೊಡೋ ಅಂಗಡಿ ಒಂದಿದೆ, ಬಸ್ ನಿಲ್ದಾಣದ ಹಿಂದೆ. ಅಲ್ಲಿಂದ ತಂದಿದ್ದು. ಅದಕ್ಕೇ ಕೂರಬೇಡ ಅಂದಿದ್ದು, ಕಲೆಯಾದ್ರೆ ದಂಡ ಹಾಕ್ತಾರೆ.

ಯಾಕೆ ಅಂದ್ರೆ... ನೋಡು, ಸಿಟ್ಟಾಗಬಾರದು. ಮೊದಲು ಪೂರ್ತಿ ಕೇಳ್ಕೋ, ಆಮೇಲೆ ಬೇಕಾದಷ್ಟು ಬಯ್ಯಿ. ನಾಳೆ ಹನ್ನೊಂದು ಗಂಟೆಗೆ ಮನೆ ನೋಡೋಕೆ ಬರ್ತಾರೆ. ಗಂಡ ಹೆಂಡತಿ, ಹೊಸದಾಗಿ ಮದುವೆ ಆದೋರು. ಕೊಳ್ಳೋಕೆ ಕಣಕ್ಕ. ಈ ಮನೆ ಕೊಳ್ಳೋಕೆ.

ಬ್ರೋಕರ್ ಹೇಳಿದ್ದು, ನಂದೇನಿಲ್ಲ ಇದರಲ್ಲಿ. "ಮೇಡಂ, ಜನ ಗೋಡೆ ಕೊಳ್ಳಲ್ಲ, ಹೀಗೆ ಬದುಕಬೇಕು ಅಂತ ಒಂದು ಆಸೆ ಇರುತ್ತಲ್ಲ, ಅದನ್ನ ಕೊಳ್ತಾರೆ. ಟೈಲರ್ ಅಂಗಡಿ ಥರ ಇದ್ರೆ ಯಾರೂ ಹೊಸ್ತಿಲು ದಾಟಲ್ಲ, ಸ್ಕ್ಯಾಂಡಿನೇವಿಯನ್ ಮಾಡಿ" ಅಂದ. ಮಾಡ್ದೆ. ಶನಿವಾರ ನೀನು ಬರೋ ಹೊತ್ತಿಗೆ ಎಲ್ಲ ಸಾಮಾನು ವಾಪಸ್ ಹೋಗಿರ್ತಿತ್ತು, ಮಷಿನ್ ಮತ್ತೆ ಅದರ ಜಾಗದಲ್ಲಿ ಇರ್ತಿತ್ತು, ಆಮೇಲೆ ನಿಧಾನವಾಗಿ ನಾನೇ ವಿಷಯ ಎತ್ತುತ್ತಿದ್ದೆ. ನಿನ್ನ ಸಹಿ ಇಲ್ದೆ ಏನೂ ಆಗಲ್ಲ, ಅದು ನನಗೆ ಗೊತ್ತಿಲ್ವಾ? ಅಪ್ಪ ಇಬ್ಬರ ಹೆಸರಿಗೂ ಬರೆದಿಟ್ಟು ಹೋದ ಮನೆ.

ನಿನ್ನ ಕಾಲಿಗೋಸ್ಕರಾನೇ ಕಣಕ್ಕ! ಡಾಕ್ಟ್ರು ನನ್ನ ಪಕ್ಕಕ್ಕೆ ಕರೆದು ಹೇಳಿದ್ರು, ಮೆಟ್ಟಿಲು ಹತ್ತೋ ಕಾಲಲ್ಲ ಇದು ಅಂತ. ಇಲ್ಲಿದ್ರೆ ನೀನು ಪಂಜರದ ಗಿಣಿ ಆಗ್ತೀಯ. ನೆಲಮಹಡಿ ಮನೆ ಒಂದು ನೋಡಿದ್ದೀನಿ. ಹೊಸ್ತಿಲೂ ಇಲ್ಲ, ವಾಕರ್ ಸಲೀಸಾಗಿ ಹೋಗುತ್ತೆ. ಹಿಂದಗಡೆ ಒಂದು ಸಣ್ಣ ಅಂಗಳ ಇದೆ, ಎರಡು ಕುರ್ಚಿ ಹಾಕ್ಕೋಬಹುದು. ನೀನೊಂದು, ನಾನೊಂದು. ಇದರಲ್ಲಿ ತಪ್ಪೇನಿದೆ ಹೇಳು? ಹೇಳದೆ ಮಾಡಿದ್ದು ತಪ್ಪು, ಒಪ್ಪಿದೆ. ಹೇಳಿದ್ರೆ ನೀನು ಕುಣಿದುಬಿಡ್ತಿದ್ದೆ. ಮುರಿದ ಕಾಲಲ್ಲೇ ಕುಣೀತಿದ್ದೆ.

ಮೌನ ಸಮ್ಮತಿ ಲಕ್ಷಣ ಅಂತಾರೆ... ನಿಂದು ಆ ಥರದ ಮೌನ ಅಲ್ಲ.

ಅಕ್ಕ, ಆ ಚೀಟಿನೇ ಯಾಕೆ ಮತ್ತೆ ಮತ್ತೆ ನೋಡ್ತೀಯ? ಓದಿ ಆಯ್ತಲ್ಲ. ಬೆರಳು ಅಲ್ಲಿಂದ ತೆಗಿ. ಹೌದು, ತಾರೀಖು ಹೊಡೆದು ಹಾಕಿದೆ. ಮೂರು ಸಲ ಹೊಡೆದು ಮತ್ತೆ ಬರೆದಿದ್ದಾರೆ. ವಾಪಸ್ ಕೊಡೋದನ್ನ ಸ್ವಲ್ಪ ಮುಂದಕ್ಕೆ ಹಾಕಿದ್ದೆ, ಅಷ್ಟೇ. ಬ್ರೋಕರ್ ಯಾವಾಗ ಬಂದ ಅಂದ್ರೆ... ಹೋದ ವಾರ. ಅಲ್ಲಲ್ಲ, ಅದಕ್ಕೂ ಮುಂಚೆ. ಸಾಮಾನು ಕೊಟ್ಟ ಈ ತಾರೀಖಾ? ಈ ತಾರೀಖು ನಿನ್ನ ಆಪರೇಷನ್ ಆದ ನಾಲ್ಕನೇ ದಿನ. ಅಂಗಡಿಯೋನು ತಪ್ಪು ಬರೆದಿರ್ತಾನೆ. ಇಂಥೋರ ಬರವಣಿಗೆ ನಂಬೋಕಾಗುತ್ತಾ?

ಮತ್ತೇನು ಹುಡುಕ್ತಿದ್ದೀಯ? ಕುರ್ಚಿ ಸಂದೀಲಿ ಏನಿದೆ? ಕೈ ತೆಗಿ, ಪಿನ್ನು ಗಿನ್ನು ಚುಚ್ಚೀತು...

ನನ್ನ ಕನ್ನಡಕ.

ಸಿಕ್ತಾ? ಒಳ್ಳೇದೇ ಆಯ್ತು. ನೋಡು, ನಿನ್ನೆಯಿಂದ ನಾನು... ಅಲ್ಲಿಗೆ ಹೇಗೆ ಹೋಯ್ತು ಅಂದ್ರೆ, ದೂಳು ಹೊಡೆಯೋವಾಗ ಬಿದ್ದಿರಬೇಕು. ಹಾಗೆ ನೋಡಬೇಡ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಆಗುತ್ತೆ ನನಗೆ. ನೀನು ಏನಾದ್ರೂ ಬಯ್ಯಿ ಅಕ್ಕ. ಕಳ್ಳಿ ಅನ್ನು, ಸುಳ್ಳಿ ಅನ್ನು. ಬಯ್ದುಬಿಟ್ರೆ ನಾನೂ ತಿರುಗಿ ಬಯ್ದು ಅಲ್ಲಿಗೆ ಮುಗಿಸ್ತೀನಿ. ನೀನು ಹೀಗೇ ಸುಮ್ಮನೆ ಕೂತಿದ್ರೆ ನಾನು ನಿಜ ಹೇಳಿಬಿಡ್ತೀನಿ ನೋಡು.

ಕೂತಿದ್ದೆ. ಆಯ್ತಾ? ಆ ಕುರ್ಚಿ ಮೇಲೆ ನಾನು ದಿನಾ ಕೂತಿದ್ದೆ.

ಬ್ರೋಕರ್ ಹೇಳಿ ತಂದಿದ್ದಲ್ಲ. ನಾನೇ ಹೋಗಿ ತಂದಿದ್ದು. ಅವನು ಆಮೇಲೆ ಬಂದ, ನೋಡಿ "ಇದು ಹೀಗೇ ಇರ್ಲಿ ಮೇಡಂ" ಅಂದ. ಆ ಪತ್ರಿಕೇಲಿ ಒಂದು ಚಿತ್ರ ಇತ್ತು ಕಣಕ್ಕ. ಕಿಟಕಿ ಹತ್ರ ಒಂದು ಕುರ್ಚಿ, ಅದರ ಮೇಲೆ ಒಂದು ಹೊದಿಕೆ, ಪಕ್ಕದಲ್ಲಿ ಒಂದು ಲೋಟ. ಅಷ್ಟೇ. ಯಾರೂ ಇಲ್ಲ. ಅದನ್ನ ನೋಡಿ ನನಗೆ ಅಳು ಬಂತು. ನೀನು ಒಳಗೆ ಸಾವು ಬದುಕಿನ ಮಧ್ಯೆ ಇದ್ದೀಯ ಅಂತ ಅಳ್ತಿದ್ದೀನಿ ಅಂದ್ಕೊಂಡು ನರ್ಸು ನೀರು ತಂದುಕೊಟ್ಟಳು. ನಾನು ಕುಡಿದೆ.

ಈ ಮನೇಲಿ ನನಗೊಂದು ಕುರ್ಚಿ ಎಲ್ಲಿತ್ತು ಹೇಳು? ಮೂವತ್ತು ವರ್ಷ ಈ ಮುಂದಿನ ಕೋಣೆ ನಿನ್ನ ಗಿರಾಕಿಗಳದು. ನಾನು ಲೈಬ್ರರಿಯಿಂದ ಬಂದ್ರೆ ಒಬ್ಬಳು ಕುರ್ಚಿ ಮೇಲೆ, ಇನ್ನೊಬ್ಬಳು ಸ್ಟೂಲ್ ಮೇಲೆ, ಮೂರನೆಯವಳು ಪರದೆ ಹಿಂದೆ ಅಳತೆಗೆ ನಿಂತಿರ್ತಿದ್ಲು. ನಾನು ಅಡುಗೆಮನೇಲಿ ನಿಂತ್ಕೊಂಡು ಓದ್ತಿದ್ದೆ. ಕಾಲಿಟ್ಟ ಕಡೆಯೆಲ್ಲ ಗುಂಡುಪಿನ್ನು. ಅಂಗಾಲಿಗೆ ಎಷ್ಟು ಸಲ ಚುಚ್ಚಿಸ್ಕೊಂಡಿದ್ದೀನಿ! ದಿನಾ ಬೆಳಿಗ್ಗೆ ನಿನ್ನ ಕೈಹೊಲಿಗೆಗೆ ಅಂತ ಏಳು ಸೂಜಿಗೆ ದಾರ ಪೋಣಿಸಿ ಚುಚ್ಚಿಟ್ಟು ಕೆಲಸಕ್ಕೆ ಹೋಗ್ತಿದ್ದೆ. ಹಬ್ಬ ಇಲ್ಲ, ಹರಿದಿನ ಇಲ್ಲ, ಏಳು ಸೂಜಿ. ಒಂದು ದಿನ ಆರು ಪೋಣಿಸಿದ್ದಕ್ಕೆ ನೀನು ವಾರ ಪೂರ್ತಿ ಆಡಿಕೊಂಡೆ, ನೆನಪಿದೆಯಾ?

ನಿನ್ನ ದುಡಿಮೆ ಮನೆ ನಡೆಸ್ತು. ನನ್ನ ಓದಿಸಿದ್ದೂ ನೀನೇ. ಅದನ್ನ ಮರೆತಿಲ್ಲ. ಮರೆತಿದ್ರೆ ಚೆನ್ನಾಗಿರ್ತಿತ್ತು.

ದಿನಾ ಸಾಯಂಕಾಲ ಫ್ಲಾಸ್ಕ್ ಹಿಡ್ಕೊಂಡು ಆಸ್ಪತ್ರೆಗೆ ಬಂದು ಏನು ಹೇಳ್ತಿದ್ದೆ ನಾನು? "ನೀನಿಲ್ದೆ ಮನೆ ಬಿಕೋ ಅಂತಿದೆ ಅಕ್ಕ, ಬೇಗ ಬಾ." ಸುಳ್ಳು ಅದು. ಅಲ್ಲಿಂದ ಸೀದಾ ಬಂದು ಈ ಕುರ್ಚೀಲಿ ಕಾಲು ಮೇಲೆ ಎಳ್ಕೊಂಡು ಕೂರ್ತಿದ್ದೆ. ಸೆಕೇಲಿ ಉಣ್ಣೆ ಹೊದ್ಕೊಂಡು! ಬೆವರು ಸುರಿಯೋದು, ಆದ್ರೂ ತೆಗೀತಿರಲಿಲ್ಲ. ಮಷಿನ್ ಸದ್ದಿಲ್ಲ, ಬಾಗಿಲು ಬಡಿಯೋರಿಲ್ಲ, "ಲೇ, ದಾರ ಕೊಡೇ" ಅನ್ನೋರಿಲ್ಲ. ಅರವತ್ತು ವರ್ಷಕ್ಕೆ ಮೊದಲನೇ ಸಲ... ಹೇಳಬಾರದು ಇದನ್ನ. ಹೇಳ್ತೀನಿ. ಸುಖವಾಗಿದ್ದೆ ಅಕ್ಕ. ನೀನು ಅಲ್ಲಿ ನೋವು ತಿನ್ನುತ್ತಿದ್ದೆ, ನಾನಿಲ್ಲಿ ಸುಖವಾಗಿದ್ದೆ.

ಸಾಕಾ? ಈಗಲಾದ್ರೂ ಬಯ್ಯಿ.

ಏನ್ಮಾಡ್ತಿದ್ದೀಯ? ಪರದೆ ಯಾಕೆ ಎಳೀತೀಯ? ಸ್ಟೇಪ್ಲರ್ ಮೊಳೆ ಕೀಳ್ತಿದ್ದೀಯಾ... ಉಗುರು ಹೋದೀತು, ಬಿಡು. ನಾಳೆ ಒಂದು ಗಂಟೆ ಹೊತ್ತು ಕಾಣೋ ಪರದೆ ಅದು. ಬಿಡೇ ಅಂದ್ರೆ!

ಸೂಜಿ. ಈಗಲೂ ಕಾಲರಲ್ಲೇ ಚುಚ್ಕೊಂಡಿದ್ದೀಯ! ಆಪರೇಷನ್ ದಿನ ನರ್ಸು ಅದನ್ನ ಕಿತ್ತು ನನ್ನ ಕೈಗೆ ಕೊಟ್ಟಿದ್ಲು. ಪ್ರಜ್ಞೆ ಬಂದ ತಕ್ಷಣ ನೀನು ಕೇಳಿದ್ದೂ ಅದನ್ನೇ. ನನಗೆ ಯಾಕೆ ಕೊಡ್ತೀಯ? ಪೋಣಿಸ್ಬೇಕಾ? ಕನ್ನಡಕಾನೂ ಜೊತೆಗೆ ಕೊಡ್ತಿದ್ದೀಯ...

ಅಕ್ಕ, ನಾಳೆ ಬರೋರಿಗೆ ಸೊಟ್ಟ ಅಂಚು ಕಾಣಬಾರದು ಅಂತಾನಾ? ಮನೆ ಮಾರೋಕೆ ನೀನೇ ಪರದೆ ಹೊಲಿದು ಕೊಡ್ತೀಯಾ? ನನಗೋಸ್ಕರ?

ಬೇಡ. ಹಾಗೆ ಮಾತ್ರ ಮಾಡ್ಬೇಡ. ಬಯ್ದಿದ್ರೆ ತಡ್ಕೋತಿದ್ದೆ, ಇದನ್ನ ತಡ್ಕೊಳ್ಳೋಕಾಗಲ್ಲ. ಇರು, ಇನ್ನೊಂದಿದೆ. ಅದನ್ನೂ ಕೇಳಿಬಿಡು, ಆಮೇಲೆ ಹೊಲಿ.

ನೆಲಮಹಡಿ ಮನೆ ಒಂದಲ್ಲ, ಎರಡು ತೋರಿಸ್ದ ಅವನು. ಎರಡೂ ಒಂದೇ ಬೀದಿ, ಒಂದೇ ಥರ. ಎರಡನೆಯದಕ್ಕೆ ಮುಂದೆ ಒಂದು ಕೋಣೆ ಇತ್ತು, ಬೀದಿಗೇ ಬಾಗಿಲು. ದೊಡ್ಡ ಕಿಟಕಿ, ಬೇಕಾದಷ್ಟು ಬೆಳಕು. "ನಿಮ್ಮ ಅಕ್ಕ ಹೊಲೀತಾರಲ್ಲ ಮೇಡಂ, ಅವರಿಗೆ ಹೇಳಿ ಮಾಡಿಸಿದ ಹಾಗಿದೆ, ಮೆಟ್ಟಿಲೂ ಇಲ್ಲ, ಗಿರಾಕಿಗಳೂ ಸುಲಭವಾಗಿ ಬರ್ತಾರೆ" ಅಂದ. ಮಷಿನ್ ಎಲ್ಲಿ ಬರುತ್ತೆ, ಮೇಜು ಎಲ್ಲಿ ಬರುತ್ತೆ ಅಂತ ನಾನು ಅಳೆದೂ ನೋಡ್ದೆ. ಸರಿಯಾಗಿ ಹಿಡಿಸ್ತಿತ್ತು. ಬೊಂಬೆಗೂ ಜಾಗ ಇತ್ತು.

ಅದಕ್ಕೇ ಬೇಡ ಅಂದೆ.

ಇನ್ನೊಂದನ್ನ ಒಪ್ಕೊಂಡು ಬಂದೆ. ಅದರಲ್ಲಿ ಮುಂದಿನ ಕೋಣೆ ಇಲ್ಲ. ಮಷಿನ್ ಹಿಡಿಸಲ್ಲ. ಅಕ್ಕನಿಗೆ ವಯಸ್ಸಾಯ್ತು, ಇನ್ನು ಹೊಲಿಯೋಕೆ ಆಗಲ್ಲ ಅಂದೆ ಅವನಿಗೆ. ನಿನ್ನ ಕೈಗೆ ಏನೂ ಆಗಿಲ್ಲ, ಕಾಲಿಗೆ ತಾನೇ ಪೆಟ್ಟಾಗಿದ್ದು, ಅದು ನನಗೆ ಗೊತ್ತಿತ್ತು.

ಆಯ್ತು. ಹೇಳಿಬಿಟ್ಟೆ. ಕೊಡು ಸೂಜಿ, ಪೋಣಿಸ್ತೀನಿ. ಬಿಳಿ ದಾರ ಅಡುಗೆಮನೇಲಿ ಪೆಟ್ಟಿಗೇಲಿದೆ, ತಂದೆ ಇರು... ಹಾಂ, ಸಿಕ್ತು. ಕನ್ನಡಕ ಹಾಕ್ಕೊಂಡಿದ್ದೀನಿ ನೋಡು. ಎಲ್ಲಿ, ಸೂಜಿ ಕೊಡು.

ಕೊಡಕ್ಕ.

ಯಾಕೆ ವಾಪಸ್ ಕಾಲರಿಗೆ ಚುಚ್ಕೊಂಡೆ? ಪೋಣಿಸ್ತೀನಿ ಅಂದೆನಲ್ಲ... ದಾರ ತಂದಿದ್ದೀನಿ, ನೋಡು, ತುದೀನೂ ಒದ್ದೆ ಮಾಡಿದ್ದೀನಿ... ಅಕ್ಕ? ಒಂದಲ್ಲ, ಏಳು ಪೋಣಿಸಿ ಕೊಡ್ತೀನಿ ಕಣಕ್ಕ...